ಗಿಟಾರಿನ ಮೇಲಿನ ಗೀರು

ಜನವರಿ ೧೧, ರವಿವಾರ

ಆ ಗೀರು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಸಂಪದಾಳ ಮೊದಲ ಗಿಟಾರ್ ತರಲು ತಾಯಿ ಮಗಳು ಇಂದು ಇಂಡಿಯಿಂದ ವಿಜಯಪುರಕ್ಕೆ ಹೋಗಿದ್ದೆವು. ಕಲಿಸುವ ಮಾಸ್ತರರು ಮೊದಲೇ ಹೇಳಿದ್ದರು: "ನೈಲಾನ್ ತಂತೀದ ತಗೋರಿ ಅಕ್ಕಾರ. ತಂತಿ ಭಾಳ ಎತ್ತರ ಇರಬಾರದು, ಹುಡುಗಿ ಬೆರಳು ನೋಯ್ತಾವ." ನಮ್ಮ ಕೈಗೆಟುಕುವಂಥವು ಅಂಗಡಿಯಲ್ಲಿ ಎರಡೇ ಇದ್ದವು. ನನಗೇನು ತಿಳಿಯಬೇಕು? ಸಂತೆಯಲ್ಲಿ ಗಡಿಗೆ ಆರಿಸುವಾಗ ಮಾಡುವಂತೆ ಬೆರಳ ಗೆಣ್ಣಿನಿಂದ ಒಂದೊಂದನ್ನೇ ಬಾರಿಸಿ ನೋಡಿದೆ.

"ಅವ್ವಾ, ಅದೇನ್ ಗಡಿಗಿ ಏನ? ಮಂದಿ ನೋಡಾಕತ್ತಾರ!"

ಗಾಬರಿಯಾಗಿ ಕೈ ಎಳೆದುಕೊಂಡಾಗ ಉಂಗುರ ತಾಗಿ ಎರಡನೆಯದರ ಮೇಲೆ ಗೀರು ಬಿತ್ತು. ಅಂಗಡಿಯವನು ನೋಡುವ ಮುಂಚೆಯೇ "ಇದನ್ನ ಕಟ್ರಿ" ಎಂದುಬಿಟ್ಟೆ. ತಂತಿಯ ಎತ್ತರ ನೋಡುವುದು ಮರೆತೇ ಹೋಯಿತು.

ನನ್ನ ಸಾಲೆ ಏಳನೇ ಇಯತ್ತೆಗೆ ನಿಂತಿತು. ಬೆರಳು ನೊಂದು ಇವಳೂ ಇದನ್ನು ಬಿಟ್ಟರೆ? "ನಾ ಹೇಳಿದ್ದಿಲ್ಲೇನ?" ಎಂದು, ಹುಡುಗಿಗೆ ಗಿಟಾರ್ ಯಾಕೆ ಎಂದಿದ್ದ ಅತ್ತೆಯವರು ಅನ್ನದೆ ಇರುತ್ತಾರೆಯೇ?

ಊಟವಾದ ಮೇಲೆ ತಡೆಯಲಾರದೆ ಕೇಳಿದೆ. "ಬೆರಳು ನೋಯಾಕತ್ತಾವೇನ?"

"ಇಲ್ಲವ್ವಾ" ಎಂದಳು. ಆಮೇಲೆ ಅವಳು ಅತ್ತ ತಿರುಗಿ ಬೆರಳ ತುದಿಗೆ ಉಫ್ ಎಂದು ಊದಿಕೊಂಡದ್ದನ್ನು ಕಂಡೆ.

ಈಗಲೂ ಒಳಗೆ ಬಾರಿಸುತ್ತಿದ್ದಾಳೆ. ನಾಳೆ ಸಾಲೆ ಇದೆ, ಮಲಗು ಎನ್ನಬೇಕು. ಆದರೆ ಹಾಗಂದರೆ, ನನ್ನ ಮಾತಿಗೆ ನಿಲ್ಲಿಸಿದಳೋ ನೋವಿಗೆ ನಿಲ್ಲಿಸಿದಳೋ ನನಗೆ ಹೇಗೆ ತಿಳಿಯಬೇಕು... ಇನ್ನೊಂದು ಸ್ವಲ್ಪ ಬಾರಿಸಲಿ.