ಒರೆಸದೆ ಇಟ್ಟ ಮಸಿ

ಪೂಜ್ಯ ಗುರುಗಳಿಗೆ ಬಡಗಿಯ ವಂದನೆಗಳು.

ಸುಟ್ಟುಹೋದ ಚಾವಣಿಗೆ ಹೊಸ ತೊಲೆ ಏರಿಸಿದ್ದಾಯಿತು. ಚರ್ಚಿನ ಬೆಂಚುಗಳು ಮುಂದಿನ ವಾರ ಮುಗಿಯುತ್ತವೆ.

ಬಲಿಪೀಠದ ಪ್ರಸಾದ ಪೆಟ್ಟಿಗೆಯನ್ನು ಮಾತ್ರ "ನೋಡೋದೇನೂ ಬೇಡ, ಎಸೆದುಬಿಡು" ಅಂದಿದ್ದಿರಿ. ಒಳ್ಳೆಯ ಹಿತ್ತಾಳೆ ಕೆಲಸ, ಎಸೆಯಲು ಮನಸ್ಸು ಬರಲಿಲ್ಲ. ಬೀಗಕ್ಕೆ ಒಂದು ಗೀರೂ ಬಿದ್ದಿಲ್ಲ. ಆದರೆ ಬಾಗಿಲಿನ ಒಳಮೈ, ಪೆಟ್ಟಿಗೆಯ ಒಳಗೋಡೆ ಎಲ್ಲ ಒಂದೇ ಸಮ ಮಸಿ. ಮುಚ್ಚಿದ ಪೆಟ್ಟಿಗೆಯೊಳಗೆ ಹೊಗೆ ಹೀಗೆ ನುಗ್ಗುವುದಿಲ್ಲ. ಬೆಂಕಿ ಬಿದ್ದಾಗ ಬಾಗಿಲು ತೆರೆದೇ ಇತ್ತು, ಒಳಗೆ ಪ್ರಸಾದದ ಪಾತ್ರೆ ಇರಲಿಲ್ಲ.

ಪ್ರಸಾದವನ್ನು ಹೊರಗೆ ಒಯ್ದ ಮೇಲೆ, ಪೆಟ್ಟಿಗೆ ಖಾಲಿ ಎಂದು ಜನಕ್ಕೆ ತಿಳಿಯಲು ಬಾಗಿಲು ತೆರೆದಿಡಬೇಕು ಅಂತ ಚಿಕ್ಕಂದಿನಲ್ಲಿ ನನಗೆ ಕಲಿಸಿದವರು ನೀವು. ಬೆಂಕಿ ಬಿದ್ದ ದಿನ ಅಂಗಳದಲ್ಲಿ ನಿಂತು, "ಪ್ರಸಾದಾನೂ ಉಳಿಸ್ಕೊಳ್ಳೋಕೆ ಆಗ್ಲಿಲ್ವಲ್ಲಪ್ಪಾ" ಅಂತ ಅತ್ತವರೂ ನೀವೇ. ಆ ಬೀಗದ ಕೈ ಇರುವುದು ನಿಮ್ಮ ಸೊಂಟದಲ್ಲಿ ಮಾತ್ರ.

ಚರ್ಚಿನ ವೈರಿಂಗ್ ಮಾಡಿದ್ದು ನನ್ನ ಭಾವ. ಬೆಂಕಿ ಹತ್ತಿದ್ದು ಅದರಿಂದಲೇ ಎಂದು ಊರೆಲ್ಲ ಆಡಿಕೊಳ್ಳುತ್ತಿದೆ. ಈಗ ಅವರನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಅಕ್ಕ ಹೊಸಿಲು ದಾಟುವುದನ್ನೇ ಬಿಟ್ಟಿದ್ದಾಳೆ.

ಭಾನುವಾರದ ಪೂಜೆ ಶಾಲೆಯ ಹಾಲ್‌ನಲ್ಲೇ ತಾನೇ? ಅಕ್ಕ, ಭಾವ ಇಬ್ಬರನ್ನೂ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ. ನೀವು ಏನಾದರೂ ಹೇಳುವುದಿದ್ದರೆ ಅವರಿಗೆ ಕೇಳಿಸಲಿ.

ಪೆಟ್ಟಿಗೆ ನನ್ನ ಅಂಗಡಿಯಲ್ಲಿದೆ. ಭಾನುವಾರದವರೆಗೆ ಮಸಿ ಒರೆಸುವುದಿಲ್ಲ.

ಇಂತಿ,
ನೀವೇ ಜ್ಞಾನಸ್ನಾನ ಕೊಟ್ಟ ಬಡಗಿ