ಫಾರಂನಲ್ಲಿದ್ದ ಹುಡುಗಿ

ಭಾನುವಾರ, ೧೨ನೇ ತಾರೀಖು

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದ.

ಹೇಗಿದ್ದೀಯಮ್ಮ? ಅಳಿಯಂದಿರ ಬೆನ್ನುನೋವು ಇಳಿಯಿತೇ? ಗುಂಡನಿಗೆ ಎರಡನೇ ಹಲ್ಲು ಬಂತೇ? ಬೈಂಡಿಂಗ್ ಕೆಲಸ ಹೆಚ್ಚಿದ್ದರಿಂದ ಪತ್ರ ತಡವಾಯಿತು ಎಂದು ಬರೆಯಲು ಹೊರಟಿದ್ದೆ. ಸುಳ್ಳು. ಮೊನ್ನೆ ನೀನು, ಓದಲೆಂದು ನನ್ನ ಬಳಿ ಬಿಟ್ಟಿರುವ ನಿನ್ನ ದೊಡ್ಡವಳು ಬುಗುರಿಯ ಪರೀಕ್ಷೆಯ ಮಾತೆತ್ತಿದಾಗ, ಕೇಳಿಸುತ್ತಿಲ್ಲ ಎಂದು ಫೋನ್ ಇಟ್ಟೆನಲ್ಲ, ಅದೂ ಸುಳ್ಳೇ.

ಹೆಚ್ಚುವರಿ ಸಮಯ, ಬೇರೆ ಕೋಣೆ, ನಡುವೆ ಎದ್ದು ಓಡಾಡಲು ಅನುಮತಿ, ಒಂದೂ ಅವಳಿಗೆ ಏಕೆ ಸಿಗಲಿಲ್ಲ ಎಂದು ನೀನು ಕೇಳಿದ್ದೆ. ನನ್ನಿಂದಾಗಿ. ಡಾಕ್ಟರು ಎಡಿಎಚ್‌ಡಿ ಎಂದು ಬರೆದುಕೊಟ್ಟ ಮೇಲೆ ಶಾಲೆಯವರು ಮನೆಯವರಿಗೂ ಒಂದು ಫಾರಂ ಕೊಟ್ಟರು. ಕೂತಲ್ಲಿ ಕೂರುವುದಿಲ್ಲವೇ, ಹಿಡಿದ ಕೆಲಸ ಅರ್ಧಕ್ಕೆ ಬಿಡುತ್ತಾಳೆಯೇ, ವಸ್ತು ಕಳೆಯುತ್ತಾಳೆಯೇ, ಹೀಗೆ ಇಪ್ಪತ್ತು ಪ್ರಶ್ನೆ. ಯಾರೋ ನಮ್ಮ ಮನೆತನ ವಿಚಾರಿಸುತ್ತಿದ್ದಾರೆ ಅನ್ನಿಸಿಬಿಟ್ಟಿತು. ಎಲ್ಲಕ್ಕೂ ‘ಎಂದೂ ಇಲ್ಲ’ ಎಂದು ಗುರುತು ಹಾಕಿದೆ, ಶಾಯಿ ಹರಡದಂತೆ, ಅಚ್ಚುಕಟ್ಟಾಗಿ. ಆಗ ಅವಳು ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ, ನನ್ನ ಮೇಜಿನ ಸುತ್ತ ಗಿರಗಿರನೆ ಸುತ್ತುತ್ತಾ, ಎಂಟನೇ ತರಗತಿಯ ಲೆಕ್ಕಗಳನ್ನು ಬಾಯಲ್ಲೇ ಬಿಡಿಸುತ್ತಿದ್ದಳು. ಅವಳಿರುವುದು ಐದನೆಯದರಲ್ಲಿ!

ಗಣಿತದ ಪರೀಕ್ಷೆಯಲ್ಲಿ ಮೊದಲ ನಾಲ್ಕು ಉತ್ತರ ಸರಿ, ಉಳಿದ ಹಾಳೆಗಳು ಖಾಲಿ. ಕೌನ್ಸೆಲರ್ ಮೇಡಂ ನಮ್ಮಿಬ್ಬರನ್ನೂ ಕರೆಸಿ ಫಾರಂ ಮುಂದಿಟ್ಟರು. “ಮನೇಲಿ ಇಷ್ಟು ಚೆನ್ನಾಗಿರೋಳು ಇಲ್ಲಿ ಬೇಕಂತಲೇ ಹೀಗ್ ಮಾಡ್ತಾಳೆ ಅಂದ್ಕೊಂಡ್ವಿ, ಯಜಮಾನ್ರೇ” ಎಂದರು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಬುಗುರಿ ಪೂರ್ತಿ ಓದಿ ಮುಗಿಸಿದ್ದಳು.

“ತಾತ, ಇದ್ರಲ್ಲಿರೋ ಹುಡುಗಿ ಯಾರು? ನಿಂಗೆ ಅವಳೇ ಇಷ್ಟಾನಾ?”

ಮೇಡಂ ತಲೆ ತಗ್ಗಿಸಿದರು. ನನಗೆ ತಗ್ಗಿಸಲೂ ಮುಖವಿರಲಿಲ್ಲ.

ಮುಂದಿನ ತಿಂಗಳು ವಾರ್ಷಿಕ ಪರೀಕ್ಷೆ. ಹೊಸ ಫಾರಂ ಕೊಟ್ಟಿದ್ದಾರೆ. ಈ ಸಲ ಇಬ್ಬರೂ ಸೇರಿ ತುಂಬಿದೆವು. ನಾನು ಕೂತು, ಅವಳು ನಿಂತು. “ಎರಡಲ್ಲ ತಾತ, ಮೂರು ಜಾಮಿಟ್ರಿ ಬಾಕ್ಸ್ ಕಳ್ದಿದೀನಿ, ಸರಿಯಾಗಿ ಬರಿ” ಎಂದು ನನ್ನನ್ನೇ ತಿದ್ದಿದಳು. ಇದರೊಂದಿಗೆ ಇಟ್ಟಿದ್ದೇನೆ. ನಿನ್ನ ಸಹಿಯೂ ಬೇಕಂತೆ.

ಎಲ್ಲರೂ ತಣ್ಣಗಿರಿ.

ನಿನ್ನ
ಅಪ್ಪ

ತಾ.ಕ.: ಕುಟುಂಬದಲ್ಲಿ ಬೇರೆ ಯಾರಾದರೂ ಹೀಗಿದ್ದರೇ ಎಂಬುದು ಕೊನೆಯ ಪ್ರಶ್ನೆ. ಮೊದಲ ಸಲ ಅದಕ್ಕೂ ಇಲ್ಲ ಎಂದಿದ್ದೆ. ಬಡತನದಿಂದ ಶಾಲೆ ಬಿಟ್ಟೆ ಎಂದು ನಿನಗೆ ಹೇಳುತ್ತಾ ಬಂದೆನಲ್ಲ, ಹಾಗಲ್ಲ ಮಗಳೇ. ಕೂತಲ್ಲಿ ಕೂರುವುದಿಲ್ಲ ಎಂದು ಮೇಷ್ಟ್ರು ಒಂದು ದಿನ ನನ್ನನ್ನು ಬೆಂಚಿಗೆ ಕಟ್ಟಿಹಾಕಿದರು. ಇಡೀ ತರಗತಿ ನಕ್ಕಿತು. ಮರುದಿನದಿಂದ ನಾನು ಹೋಗಲಿಲ್ಲ. ಈಗ ಆ ಜಾಗದಲ್ಲಿ ‘ತಾತ’ ಎಂದು ಬರೆದಿದ್ದೇನೆ. ಓದಿ, ಸಹಿ ಹಾಕಿ, ನನ್ನ ಮೇಲೆ ಸಿಟ್ಟಿದ್ದರೆ ಅದನ್ನೂ ಸೇರಿಸಿ, ಬೇಗ ಬರೆಯಮ್ಮ.