ಕ್ಯಾಸೆಟ್ಟಿನೊಳಗಿನ ಕೂಗು

ಶ್ರೀ ವಿಠ್ಠಲ ಪ್ರಸನ್ನ
ಕಮಲಾಪುರ, ಮಂಗಳವಾರ

ಚಿರಂಜೀವಿ ಮಂದಾಕಿನಿಗೆ ಅವ್ವನ ಆಶೀರ್ವಾದ.

ಕಲಬುರಗಿಯ ಹುಡುಗರ ರಾಕ್ ಬ್ಯಾಂಡು ಜನರೆದುರು ಹಾಡಿದ್ದನ್ನೇ ತುಂಬಿಸಿದ ಕ್ಯಾಸೆಟ್ಟನ್ನು ನಿನ್ನ ಅಣ್ಣ ಬಂಡು ತಂದಿದ್ದಾನೆ. ನಿಮ್ಮ ಅಪ್ಪ ಕೇಳಿ, ‘ಡಬ್ಬಾ ಬಡದಂಗ ಅದ’ ಎಂದರು. ಪಕ್ಕದ ಮನೆಯ ಇಂದೂಬಾಯಿ, ‘ಬಾಜಾ ಚಲೋ ಅದರೀ, ಹಾಡಾಂವಗ ಗಂಟಲಿಲ್ಲ’ ಎಂದಳು. ಬಂಡುವಿಗೆ ಮಾತ್ರ ನಡುವೆ ‘ಇನ್ನೊಂದು ಹಾಡ್ರೋ’ ಎಂದು ಕೂಗಿದ ಹುಡುಗಿಯದೇ ಹುಚ್ಚು. ‘ಕ್ಯಾಸೆಟ್ಟಿಗಿ ಜೀವ ಬಂದದ್ದೇ ಆಕಿಂದ’ ಎಂದು ತಿರುತಿರುಗಿ ಅದನ್ನೇ ಹಚ್ಚುತ್ತಾನೆ.

ಅದು ನೀನು. ಹೆತ್ತವಳಿಗೆ ತಿಳಿಯದೇ? ಆ ಬ್ಯಾಂಡಿನವರು ಹಾಡಿದ ದಿನ ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ನಿನ್ನ ಸೋದರತ್ತೆಯ ಮನೆಯಲ್ಲಿ ಓದುತ್ತಿದ್ದೆ ಎಂದಿದ್ದಿ. ನಿಮ್ಮ ಅಪ್ಪ, ‘ಇಂಥಾಕಿ ನನ್ನ ಮಗಳಿದ್ದಿದ್ರ ಕಾಲೇಜ ಬಿಡಿಸಿ ಲಗ್ನ ಮಾಡಿಬಿಡ್ತಿದ್ದೆ’ ಎಂದರು. ಅವರಿಗೆ ಇನ್ನೂ ಹೊಳೆದಿಲ್ಲ. ನೀನು ಬಂದು ಜೋರಾಗಿ ಒಂದು ಮಾತಾಡಿದರೆ ಹೊಳೆಯುತ್ತದೆ.

ಶನಿವಾರ ಬಂದಾಗ ಮೆಲ್ಲಗೆ ಮಾತಾಡು. ಬಂಡು ಎಷ್ಟು ಚಾಷ್ಟಿ ಮಾಡಿ ಕಾಡಿಸಿದರೂ ಕೂಗಬೇಡ. ನಿನ್ನ ಗಂಟಲು ಕೆಟ್ಟಿದೆ ಎಂದು ಈಗಲೇ ಮನೆಯಲ್ಲಿ ಹೇಳಿಟ್ಟಿದ್ದೇನೆ. ಕಷಾಯ ಕಾಸಿ ಕೊಡುತ್ತೇನೆ, ಕಹಿಯಾದರೂ ಎಲ್ಲರ ಮುಂದೆ ಕುಡಿ. ಸುಳ್ಳಿನ ಪಾಪ ವಿಠ್ಠಲ ನನಗೇ ಹಚ್ಚಲಿ.

ನಿನ್ನ ಅವ್ವ,
ಸಾವಿತ್ರೀಬಾಯಿ